ಲೆಕ್ಕ ತಪ್ಪದ ಮಂತ್ರಿ ಮಹಮೂದ ಗವಾನ

ಕಮಠಾಣದಿಂದ ಬೀದರ ನಗರಕ್ಕೆ ಹೋದವರು, ಹಳೆಯ ಊರಿನೊಳಗೆ ಚೌಬಾರಾದಿಂದ ಕೋಟೆಯ ಕಡೆಗೆ ನಡೆದರೆ, ದಾರಿಯಲ್ಲಿ ಭಗ್ನವಾದರೂ ಭವ್ಯವಾದ ಒಂದು ಸೌಧವನ್ನು ಕಾಣುತ್ತಾರೆ. ಮೂರು ಅಂತಸ್ತಿನ ಆ ಕಟ್ಟಡದ ಮುಂಭಾಗದಲ್ಲಿ ಈಗ ಒಂದೇ ಮಿನಾರು ನಿಂತಿದೆ. ಗೋಡೆಗಳಿಗೆ ಹೊದಿಸಿದ್ದ ಬಣ್ಣಬಣ್ಣದ ಬಿಲ್ಲೆಗಳಲ್ಲಿ ಕೆಲವು ಮಾತ್ರ ಉಳಿದು, ಹಿಂದಿನ ವೈಭವವನ್ನು ಸಾರುತ್ತಿವೆ. ಈ ವಿದ್ಯಾಮಂದಿರವನ್ನು ಕಟ್ಟಿಸಿದ ಮಹಮೂದ ಗವಾನನ ಹೆಸರನ್ನು ಅರಿಯದ ಮಗು ಬೀದರ ಜಿಲ್ಲೆಯಲ್ಲಿಲ್ಲ. ಆದರೆ ಅವನು ವಿದ್ಯಾಪೋಷಕನಾಗಿದ್ದಂತೆಯೇ ಅತ್ಯಂತ ಕಠಿಣನಾದ ಆಡಳಿತಗಾರನೂ ಆಗಿದ್ದನೆಂಬುದು, ರಾಜ್ಯದ ದೊಡ್ಡ ದೊಡ್ಡ ಅಧಿಕಾರಿಗಳಿಂದ ತಲೆಗೊಂದರಂತೆ ಲೆಕ್ಕ ಕೇಳಿದನೆಂಬುದು, ಆ ಲೆಕ್ಕವೇ ಕೊನೆಗೆ ಅವನ ಪ್ರಾಣಕ್ಕೆ ಮುಳುವಾಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಕಾಯಕವನ್ನು ಪೂಜೆಗೆ ಸಮನೆಂದು ಸಾರಿದ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ. ಸತ್ಯಶುದ್ಧವಾಗಿ ದುಡಿಯುವವನು ಲೆಕ್ಕಕ್ಕೆ ಅಂಜಬೇಕಾಗಿಲ್ಲ ಎಂಬುದು ಈ ನೆಲದ ಹಳೆಯ ತಿಳುವಳಿಕೆ. ಶರಣರಿಗಿಂತ ಮೂರು ಶತಮಾನ ಈಚೆಗೆ, ಬೇರೆ ದೇಶದಿಂದ, ಬೇರೆ ಮತದಿಂದ ಬಂದ ಮಂತ್ರಿಯೊಬ್ಬನ ಜೀವನವು ಅದೇ ತಿಳುವಳಿಕೆಗೆ ಸಾಕ್ಷಿಯಾಗಿ ನಿಂತಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ವ್ಯಾಪಾರಿಯಾಗಿ ಬಂದವನು

ಮಹಮೂದ ಗವಾನನು ಕ್ರಿ.ಶ. 1411ರ ಸುಮಾರಿಗೆ ಪರ್ಷಿಯಾ ದೇಶದ ಗಿಲಾನ್ ಪ್ರಾಂತದಲ್ಲಿ ಜನಿಸಿದನು. ಅವನ ಮನೆತನದವರು ಅಲ್ಲಿಯ ಅರಸರಲ್ಲಿ ಮಂತ್ರಿಪದವಿಯನ್ನು ಅನುಭವಿಸಿದವರು. ಆದರೆ ಆಸ್ಥಾನದ ದ್ವೇಷಾಸೂಯೆಗಳು ಅವನನ್ನು ತಾಯ್ನಾಡಿನಲ್ಲಿ ನಿಲ್ಲಗೊಡಲಿಲ್ಲ. ಊರು ಬಿಟ್ಟ ಗವಾನನು ಕೈರೋ, ಡಮಾಸ್ಕಸ್ ಮೊದಲಾದ ವಿದ್ಯಾಕೇಂದ್ರಗಳಲ್ಲಿ ವಿದ್ವಾಂಸರ ಸಹವಾಸ ಮಾಡಿದನು. ಜೀವನೋಪಾಯಕ್ಕೆ ವ್ಯಾಪಾರವನ್ನು ಹಿಡಿದನು. ತಕ್ಕಡಿಯನ್ನೂ ಖಾತೆಪುಸ್ತಕವನ್ನೂ ಬಲ್ಲ ಈ ಪಂಡಿತನು 1453ರಲ್ಲಿ ಹಡಗಿನಿಂದ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದಾಗ ಅವನಿಗೆ ನಲವತ್ತು ವರ್ಷ ದಾಟಿತ್ತು. ಬೀದರಿನಲ್ಲಿದ್ದ ಸಂತರೊಬ್ಬರ ದರ್ಶನ ಪಡೆದು ಅಲ್ಲಿಂದ ದಿಲ್ಲಿಗೆ ಹೋಗಬೇಕೆಂಬುದು ಅವನ ಬಯಕೆಯಾಗಿತ್ತು.

ವಿಧಿಯು ಬೇರೆ ಬಗೆಯಿತು. ಬಹಮನಿ ಸುಲ್ತಾನ ಎರಡನೆಯ ಅಲ್ಲಾವುದ್ದೀನ ಅಹಮದಶಹನು ಈ ಹೊಸಬನ ವಿದ್ವತ್ತಿಗೂ ವಿವೇಕಕ್ಕೂ ಮೆಚ್ಚಿ ಅವನನ್ನು ತನ್ನಲ್ಲಿಯೇ ಉಳಿಸಿಕೊಂಡನು. ಸಾವಿರ ಕುದುರೆಗಳ ಅಧಿಕಾರವನ್ನು ಕೊಟ್ಟನು. ನಲ್ಗೊಂಡದ ಕಡೆ ಎದ್ದ ದಂಗೆಯನ್ನು ಅಡಗಿಸಲು ಅವನನ್ನೇ ಕಳುಹಿಸಿದನು. ತಕ್ಕಡಿ ಹಿಡಿದ ಕೈ ಕತ್ತಿಯನ್ನೂ ಹಿಡಿಯಬಲ್ಲದೆಂಬುದು ಆಗ ಎಲ್ಲರಿಗೂ ತಿಳಿಯಿತು. 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನಶಹನು ಅವನಿಗೆ ವ್ಯಾಪಾರಿಗಳ ಒಡೆಯನೆಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಬಿರುದನ್ನಿತ್ತನು.

ರಾಜ್ಯದ ಹೊಣೆ

ಹುಮಾಯೂನಶಹನು 1461ರಲ್ಲಿ ತೀರಿಕೊಂಡಾಗ ಸಿಂಹಾಸನಕ್ಕೆ ಬಂದವನು ಎಂಟು ವರ್ಷದ ಬಾಲಕ ನಿಜಾಮಶಹ. ರಾಜ್ಯಭಾರವು ಮೂವರ ಮೇಲೆ ಬಿದ್ದಿತು. ಇತಿಹಾಸದಲ್ಲಿ ಮಖ್ದೂಮಾ-ಇ-ಜಹಾನ್ ಎಂದು ಹೆಸರಾದ ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಎಂಬ ಹಿರಿಯ ಅಮೀರ, ಮತ್ತು ಗವಾನ. ಬಾಲಕನ ರಾಜ್ಯವು ಎಲ್ಲರ ಕಣ್ಣಿಗೂ ಸುಲಭದ ತುತ್ತಾಗಿ ಕಾಣುವುದು ಸಹಜ. ಮರುವರ್ಷವೇ ಮಾಳವದ ಮಹಮೂದ ಖಿಲ್ಜಿಯು ಬೀದರಿನವರೆಗೆ ನುಗ್ಗಿದನು. ರಾಜಮಾತೆಯು ಮಗನೊಡನೆ ಭೀಮಾತೀರದ ಫಿರೋಜಾಬಾದಿಗೆ ಹೋಗಬೇಕಾಯಿತು. ಆ ಸಂಕಟದಲ್ಲಿ ಗವಾನನು ಗುಜರಾತಿನ ಸುಲ್ತಾನನ ನೆರವು ಪಡೆದು ಶತ್ರುವನ್ನು ಹಿಮ್ಮೆಟ್ಟಿಸಿದನು. 1463ರಲ್ಲಿ ನಿಜಾಮಶಹನೂ ಅಕಾಲಮರಣಕ್ಕೀಡಾದನು. ಅವನ ತಮ್ಮ ಮೂರನೆಯ ಮುಹಮ್ಮದಶಹನು, ಅವನೂ ಬಾಲಕನೇ, ಪಟ್ಟವೇರಿದನು. 1466ರಲ್ಲಿ ಗವಾನನು ಮುಖ್ಯಮಂತ್ರಿಯಾದನು. ಅಲ್ಲಿಂದ ಹದಿನೈದು ವರ್ಷಗಳ ಕಾಲ ಬಹಮನಿ ರಾಜ್ಯದ ಭಾರವೆಲ್ಲ ಅವನ ಹೆಗಲ ಮೇಲಿತ್ತು.

ಈ ಅವಧಿಯಲ್ಲಿ ರಾಜ್ಯವು ಎಂದೂ ಕಾಣದಷ್ಟು ವಿಸ್ತಾರವಾಯಿತು. 1469ರಿಂದ ನಡೆದ ಕೊಂಕಣದ ದಂಡಯಾತ್ರೆಯನ್ನು ಗವಾನನು ಸ್ವತಃ ನಡೆಸಿದನು. ದಟ್ಟವಾದ ಕಾಡು, ಸುರಿಯುವ ಮಳೆ, ಏರಲಾರದ ಗಿರಿದುರ್ಗಗಳು. ಇವುಗಳ ನಡುವೆ ತಾನೂ ಸೈನ್ಯದೊಡನೆ ಇದ್ದು, ಖೇಳಣಾ ದುರ್ಗವನ್ನೂ ಸಂಗಮೇಶ್ವರವನ್ನೂ ಪಡೆದು, 1472ರ ಫೆಬ್ರುವರಿಯಲ್ಲಿ ಗೋವೆಯನ್ನು ವಶಪಡಿಸಿಕೊಂಡನು. ಮರುವರ್ಷ ಬೆಳಗಾವಿಯೂ ಕೈಸೇರಿತು. ಪೂರ್ವದಲ್ಲಿ ರಾಜಮಹೇಂದ್ರಿಯವರೆಗೆ ಬಹಮನಿ ಧ್ವಜವು ಹಾರಿತು.

ಯುದ್ಧಗಳೆಂದಮೇಲೆ ಸುಡುವ ಊರುಗಳೂ ಅಳುವ ಜನರೂ ಇದ್ದೇ ಇರುತ್ತಾರೆ. ಅದೇ ಕಾಲದಲ್ಲಿ ಬೀದರಿನಲ್ಲಿದ್ದ ರಷ್ಯದ ಪ್ರವಾಸಿ ಅಫನಾಸಿ ನಿಕಿತಿನನು, ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವುದನ್ನೂ ಹಳ್ಳಿಗರು ಬಡತನದಲ್ಲಿ ಬೇಯುವುದನ್ನೂ ಕಂಡು ಬರೆದಿಟ್ಟಿದ್ದಾನೆ. ಗವಾನನ ಆಡಳಿತದ ಕಾಲವು ರಾಮರಾಜ್ಯವಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ಆ ಮೆರೆಯುವವರ ಕೈಗಳಿಗೆ ಕಡಿವಾಣ ಹಾಕಲು ಹೊರಟವನು ಅವನೇ ಎಂಬುದನ್ನೂ ಮರೆಯುವಂತಿಲ್ಲ.

ಲೆಕ್ಕ ಕೇಳಿದ ಕ್ರಮ

ಬಹಮನಿ ರಾಜ್ಯವು ಮೊದಲಿನಿಂದಲೂ ನಾಲ್ಕು ತರಫಗಳಾಗಿ ವಿಭಾಗವಾಗಿತ್ತು: ಕಲಬುರಗಿ, ದೌಲತಾಬಾದ, ಬೇರಾರ ಮತ್ತು ತೆಲಂಗಾಣ. ರಾಜ್ಯವು ಬೆಳೆದಂತೆ ತರಫಗಳೂ ಬೆಳೆದವು. ಒಬ್ಬೊಬ್ಬ ತರಫದಾರನೂ ತನ್ನ ಪ್ರಾಂತದಲ್ಲಿ ಅರಸನೇ ಆಗಿಬಿಟ್ಟನು. ಕೋಟೆಗಳು ಅವನವು, ಸೈನ್ಯ ಅವನದು, ಕಂದಾಯವೂ ಅವನ ಕೈಯಲ್ಲಿ. ಸುಲ್ತಾನನಿಗೆ ಸಲ್ಲುವುದು ಅವನು ಕೊಟ್ಟಷ್ಟು. ತೋರಿಸುವ ಲೆಕ್ಕವೂ ಅವನು ಬರೆಸಿದಷ್ಟು. ಐದುನೂರು ಕುದುರೆ ಸವಾರರ ಸಂಬಳವನ್ನು ಎತ್ತಿ ಮುನ್ನೂರು ಜನರನ್ನು ಇಟ್ಟುಕೊಂಡರೆ ಕೇಳುವವರಾರು? ಯುದ್ಧದ ಕರೆ ಬಂದ ದಿನವೇ ಆ ಕೊರತೆ ಬೆಳಕಿಗೆ ಬರುತ್ತಿತ್ತು. ಅಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು.

ಗವಾನನು ಈ ರೋಗದ ಮೂಲಕ್ಕೇ ಕೈಹಾಕಿದನು. ನಾಲ್ಕು ತರಫಗಳನ್ನು ಎಂಟಾಗಿ ಒಡೆದನು. ಬೇರಾರವು ಗಾವಿಲಗಡ ಮತ್ತು ಮಾಹೂರಗಳೆಂದೂ, ದೌಲತಾಬಾದವು ದೌಲತಾಬಾದ ಮತ್ತು ಜುನ್ನರಗಳೆಂದೂ, ತೆಲಂಗಾಣವು ರಾಜಮಹೇಂದ್ರಿ ಮತ್ತು ವಾರಂಗಲ್ಲುಗಳೆಂದೂ, ಕಲಬುರಗಿಯು ಕಲಬುರಗಿ ಮತ್ತು ಬಿಜಾಪುರಗಳೆಂದೂ ಇಬ್ಭಾಗವಾದವು. ಪ್ರತಿ ತರಫದಲ್ಲಿಯೂ ಕೆಲವು ಪರಗಣೆಗಳನ್ನು ನೇರವಾಗಿ ಅರಸನ ಭಂಡಾರಕ್ಕೆ ಸೇರಿಸಿದನು. ತರಫದಾರನ ಕೈಯಲ್ಲಿ ಒಂದೇ ಒಂದು ಕೋಟೆ ಉಳಿಯಿತು. ಮಿಕ್ಕ ಕೋಟೆಗಳ ಕಿಲ್ಲೇದಾರರನ್ನು ರಾಜಧಾನಿಯಿಂದಲೇ ನೇಮಿಸುವಂತಾಯಿತು. ಜಮೀನನ್ನು ಅಳೆಯಿಸಿ, ಊರೂರಿನ ಗಡಿಗಳನ್ನು ಗುರುತಿಸಿ, ಕಂದಾಯವನ್ನು ದಾಖಲೆಗಳಲ್ಲಿ ಬರೆಯಿಸಿದನು. ಯಾವ ಹೊಲ ಎಷ್ಟು, ಅದರಿಂದ ಬರತಕ್ಕದ್ದು ಎಷ್ಟು ಎಂಬುದು ಕಾಗದದ ಮೇಲೆ ಬಂದಮೇಲೆ ಮಧ್ಯದವರ ಬಾಯಿಲೆಕ್ಕಕ್ಕೆ ಎಡೆಯಿಲ್ಲದಾಯಿತು.

ಸೈನ್ಯದ ವಿಷಯದಲ್ಲಿ ಅವನು ಅನುಸರಿಸಿದ ಕ್ರಮವಂತೂ ಇನ್ನೂ ಗಮನಾರ್ಹ. ಐದುನೂರು ಜನರನ್ನು ಸಾಕುವ ಸರದಾರನಿಗೆ ವರ್ಷಕ್ಕೆ ಸಲ್ಲುತ್ತಿದ್ದ 1 ಲಕ್ಷ ಹೊನ್ನನ್ನು ಮೊದಲು 1 ಲಕ್ಷ 25 ಸಾವಿರಕ್ಕೆ ಏರಿಸಿದನು. ಆಮೇಲೆ ತಲೆ ಎಣಿಸಿದನು. ಒಬ್ಬ ಸೈನಿಕನು ಕಡಿಮೆಯಿದ್ದರೂ ಅವನ ಪಾಲಿನ ಹಣವನ್ನು ಸರದಾರನು ಭಂಡಾರಕ್ಕೆ ಹಿಂದಿರುಗಿಸಬೇಕೆಂದು ನಿಯಮ ಮಾಡಿದನು. ಕೊಡಬೇಕಾದುದನ್ನು ತೃಪ್ತಿಯಾಗುವಂತೆ ಕೊಟ್ಟು, ಪಡೆಯಬೇಕಾದುದನ್ನು ಕಿಂಚಿತ್ತೂ ಬಿಡದೆ ಕೇಳುವ ಈ ಕ್ರಮದಲ್ಲಿ ನ್ಯಾಯವಿತ್ತು. ಕಡಿಮೆ ಕೊಟ್ಟು ಹೆಚ್ಚು ಕೇಳುವ ಒಡೆಯನಿಗೆ ಲೆಕ್ಕ ಕೇಳುವ ನೈತಿಕ ಬಲವೇ ಇರುವುದಿಲ್ಲ. ಗವಾನನಿಗೆ ಆ ಬಲವಿತ್ತು. ಆದ್ದರಿಂದಲೇ ಅವನ ನಿಯಮವನ್ನು ಯಾರೂ ಬಹಿರಂಗವಾಗಿ ಅನ್ಯಾಯವೆನ್ನಲಾರದೆ ಹೋದರು, ಒಳಗೊಳಗೇ ಕುದಿದರು.

ನಿಯಮವು ಎಲ್ಲರಿಗೂ ಒಂದೇ ಆಗಿತ್ತು. ಬೀದರಿನ ಆಸ್ಥಾನವು ಬಹುಕಾಲದಿಂದ ಎರಡು ಪಂಗಡಗಳಾಗಿ ಸೀಳಿತ್ತು. ಇಲ್ಲಿಯೇ ನೆಲೆನಿಂತ ದಖನಿಗಳು ಒಂದು ಕಡೆ. ಪರ್ಷಿಯಾ, ತುರ್ಕಸ್ಥಾನಗಳಿಂದ ಹೊಸದಾಗಿ ಬಂದ ಪರದೇಶಿಗಳು ಇನ್ನೊಂದು ಕಡೆ. ಗವಾನನು ತಾನು ಪರದೇಶಿಯಾಗಿದ್ದರೂ ಎಂಟು ತರಫಗಳನ್ನು ಹಂಚುವಾಗ ಎರಡೂ ಪಂಗಡದವರನ್ನು ಸಮನಾಗಿ ಕಂಡನು. ದಖನಿಗಳ ನಾಯಕನಾದ ಮಲಿಕ ಹಸನನಿಗೆ ರಾಜಮಹೇಂದ್ರಿ, ಫತಹುಲ್ಲಾ ಇಮಾದುಲ್ಮುಲ್ಕನಿಗೆ ಗಾವಿಲಗಡ ದೊರೆತವು. ತನ್ನ ಮಗನಂತೆ ಕಾಣುತ್ತಿದ್ದ ಯೂಸುಫ ಆದಿಲಖಾನನಿಗೆ ದೌಲತಾಬಾದ ಬಂದಿತು. ಬಿಜಾಪುರವು ಸ್ವತಃ ಗವಾನನ ಕೈಯಲ್ಲಿತ್ತು. ಹಾಗೆಂದು ಹಳೆಯ ಕಲಬುರಗಿ ತರಫವನ್ನು ಅವನು ಅಖಂಡವಾಗಿ ಇಟ್ಟುಕೊಳ್ಳಲಿಲ್ಲ. ಇತರರ ಪ್ರಾಂತಗಳಂತೆ ಅದೂ ಎರಡಾಯಿತು. ಇಡೀ ತೆಲಂಗಾಣವನ್ನು ಬಯಸಿದ್ದ ಮಲಿಕ ಹಸನನಿಗೆ ಮಾತ್ರ ಈ ಸಮಾನತೆ ಹಿಡಿಸಲಿಲ್ಲ.

ತನ್ನ ಮನೆಯ ಲೆಕ್ಕ

ಹೀಗೆ ಲೋಕದ ಲೆಕ್ಕ ಕೇಳಿದವನು ತನ್ನ ಮನೆಯ ಲೆಕ್ಕವನ್ನು ಹೇಗಿಟ್ಟಿದ್ದನು? ಇತಿಹಾಸಕಾರ ಫಿರಿಷ್ಟಾನು ಇದನ್ನು ವಿವರವಾಗಿ ತಿಳಿಸಿದ್ದಾನೆ. ಪರ್ಷಿಯಾದಿಂದ ಬರುವಾಗ ತಂದ 40,000 ಲಾರಿಗಳೇ (ಲಾರಿಯೆಂಬುದು ಅಂದಿನ ಬೆಳ್ಳಿಯ ನಾಣ್ಯ) ಅವನ ಸ್ವಂತ ಬಂಡವಾಳ. ಅದನ್ನು ವ್ಯಾಪಾರದಲ್ಲಿ ತೊಡಗಿಸಿ, ಬಂದ ಲಾಭದಲ್ಲಿ ತನ್ನ ಊಟ ಉಡುಗೆಗಳಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಡವರಿಗೆ ಹಂಚುತ್ತಿದ್ದನು. ಮುಖ್ಯಮಂತ್ರಿಯ ಅಡಿಗೆಯು ಮಣ್ಣಿನ ಮಡಕೆಯಲ್ಲಿ ಬೇಯುತ್ತಿತ್ತು. ಅವನು ಮಲಗುತ್ತಿದ್ದುದು ಚಾಪೆಯ ಮೇಲೆ. ಅಧಿಕಾರದಿಂದ ಬಂದ ಹಣವು ಒಂದು ಭಂಡಾರದಲ್ಲಿ, ಸ್ವಂತ ದುಡಿಮೆಯ ಹಣವು ಇನ್ನೊಂದು ಭಂಡಾರದಲ್ಲಿ. ಮೊದಲನೆಯದು ಸೈನ್ಯಕ್ಕೆ, ಕುದುರೆಗಳಿಗೆ, ರಾಜಕಾರ್ಯಕ್ಕೆ. ಎರಡನೆಯದು ತನಗೂ ಬಡವರಿಗೂ. ಒಂದರಿಂದ ಇನ್ನೊಂದಕ್ಕೆ ಒಂದು ಕಾಸೂ ದಾಟುವಂತಿರಲಿಲ್ಲ.

ಕೊಂಕಣದ ವಿಜಯವನ್ನು ಮುಗಿಸಿ ಬಂದಾಗ ಸುಲ್ತಾನನು ಅವನ ಮನೆಗೆ ಬಂದು ಒಂದು ವಾರ ಅತಿಥಿಯಾಗಿ ಉಳಿದನೆಂದೂ, ಬಿರುದು ಉಡುಗೊರೆಗಳ ಮಳೆಗರೆದನೆಂದೂ ಫಿರಿಷ್ಟಾ ಬರೆಯುತ್ತಾನೆ. ಅರಸನು ಹೊರಟುಹೋದ ಮೇಲೆ ಗವಾನನು ಕೋಣೆಯೊಳಗೆ ಹೋಗಿ, ಬೆಲೆಬಾಳುವ ಉಡುಪನ್ನು ಕಳಚಿ, ಬಹಳ ಹೊತ್ತು ಅತ್ತನಂತೆ. ಅನಂತರ ಫಕೀರನ ಬಟ್ಟೆಯುಟ್ಟು ಹೊರಬಂದು, ನಗರದ ಸಾಧುಗಳನ್ನೂ ವಿದ್ವಾಂಸರನ್ನೂ ಕರೆಸಿ, ತನ್ನ ಸಂಪತ್ತನ್ನೆಲ್ಲ ಅವರಿಗೆ ಹಂಚಿಬಿಟ್ಟನಂತೆ. ಆನೆ ಕುದುರೆಗಳನ್ನು ಕೊಡಲಿಲ್ಲ, ಅವು ಅರಸನವು; ಪುಸ್ತಕಗಳನ್ನು ಕೊಡಲಿಲ್ಲ, ಅವು ವಿದ್ಯಾರ್ಥಿಗಳವು. ತನ್ನದು ಯಾವುದು, ತನ್ನದಲ್ಲದ್ದು ಯಾವುದು ಎಂಬ ವಿವೇಕವು ವೈರಾಗ್ಯದ ಗಳಿಗೆಯಲ್ಲಿಯೂ ಅವನನ್ನು ಬಿಟ್ಟುಹೋಗಲಿಲ್ಲ.

ಆ ಪುಸ್ತಕಗಳ ಮನೆಯೇ ಬೀದರಿನ ಮದರಸಾ. 1472ರಲ್ಲಿ ಪೂರ್ಣಗೊಂಡ ಈ ಕಟ್ಟಡವು 205 ಅಡಿ ಉದ್ದ, 180 ಅಡಿ ಅಗಲವಾಗಿದೆ. ಪಾಠದ ಹಜಾರಗಳು, ಅಧ್ಯಾಪಕರ ಬಿಡಾರಗಳು, ವಿದ್ಯಾರ್ಥಿಗಳ ಕೋಣೆಗಳು, ಮಸೀದಿ, ಮತ್ತು ಮೂರು ಸಾವಿರ ಹಸ್ತಪ್ರತಿಗಳಿದ್ದ ಗ್ರಂಥಾಲಯ. ಇವೆಲ್ಲವೂ ಒಂದೇ ಸೂರಿನಡಿ ಇದ್ದವು. ಗವಾನನು ದೂರದೂರದ ದೇಶಗಳ ಪಂಡಿತರನ್ನು ಪತ್ರ ಬರೆದು ಆಹ್ವಾನಿಸಿದನು. ಪರ್ಷಿಯಾದ ಮಹಾಕವಿ ಜಾಮಿಗೂ ಅವನಿಗೂ ಪತ್ರವ್ಯವಹಾರವಿತ್ತು. ಗವಾನನ ಪತ್ರಗಳ ಸಂಗ್ರಹವಾದ ರಿಯಾಜ್-ಉಲ್-ಇನ್ಶಾ ಇಂದಿಗೂ ಉಳಿದಿದೆ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಸಿಡಿಲಿನಿಂದಲೂ ಮದ್ದಿನ ಸ್ಫೋಟದಿಂದಲೂ ಕಟ್ಟಡದ ಒಂದು ಭಾಗವೂ ಒಂದು ಮಿನಾರೂ ಬಿದ್ದುಹೋದವು.

ಖಾಲಿ ಕಾಗದದ ಮೇಲೆ ಮುದ್ರೆ

ಕಠಿಣನಾದ ಅಧಿಕಾರಿಗೆ ಶತ್ರುಗಳು ಇರುವುದು ಸಹಜ. ಗವಾನನ ಶತ್ರುಗಳು ಅವನ ಲೆಕ್ಕದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಆಗ ಅವನ ಮುದ್ರೆಯ ಕಡೆಗೆ ಕಣ್ಣು ಹಾಕಿದರು. 1481ರಲ್ಲಿ ಸುಲ್ತಾನನ ಪಾಳೆಯವು ಪೂರ್ವದ ದಂಡಯಾತ್ರೆಯ ನಿಮಿತ್ತ ಕೊಂಡಪಲ್ಲಿಯಲ್ಲಿತ್ತು. ಗವಾನನಿಗೆ ಬೆಂಗಾವಲಾಗಿದ್ದ ಯೂಸುಫ ಆದಿಲಖಾನನು ಬೇರೆ ಕಡೆ ಯುದ್ಧಕ್ಕೆ ಹೋಗಿದ್ದನು. ಅದೇ ಸಮಯವೆಂದು ಮಲಿಕ ಹಸನನ ಕಡೆಯವರು ಗವಾನನ ಮುದ್ರೆ ಕಾಯುವ ಗುಲಾಮನ ಸ್ನೇಹ ಬೆಳೆಸಿದರು. ಅವನಿಗೆ ಮದ್ಯ ಕುಡಿಸಿದರು. ಮಡಚಿದ ಕಾಗದವೊಂದನ್ನು ಚಾಚಿ, ಗೆಳೆಯನೊಬ್ಬನ ಲೆಕ್ಕಪತ್ರವೆಂದೂ, ಅದಕ್ಕೆ ಮಂತ್ರಿಯ ಮುದ್ರೆಯೊಂದು ಬೇಕೆಂದೂ ಕೇಳಿದರು. ಕುಡಿದವನು ಕಾಗದವನ್ನು ಬಿಡಿಸಿಯೂ ನೋಡಲಿಲ್ಲ. ಮುದ್ರೆ ಬಿದ್ದಿತು. ಒಳಗೆ ಕಾಗದವು ಖಾಲಿಯಾಗಿತ್ತು.

ಆ ಖಾಲಿ ಕಾಗದದ ಮೇಲೆ ಒರಿಸ್ಸಾದ ಅರಸನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಕರೆಯುವ ಪತ್ರವು ಗವಾನನ ಹೆಸರಿನಲ್ಲಿ ಸಿದ್ಧವಾಯಿತು. ಮಲಿಕ ಹಸನನ ಸಮ್ಮುಖದಲ್ಲಿ ಅದನ್ನು ಸುಲ್ತಾನನಿಗೆ ತೋರಿಸಲಾಯಿತು. ಇಪ್ಪತ್ತೆಂಟರ ಆಸುಪಾಸಿನ ಸುಲ್ತಾನನು ಆಗ ಮದ್ಯದ ಅಮಲಿನಲ್ಲಿದ್ದನು. ಪತ್ರ ತಂದವನಾರು, ಅದನ್ನು ಹಿಡಿದವರಾರು ಎಂದು ಕೇಳಲಿಲ್ಲ. ತಕ್ಷಣ ಮಂತ್ರಿಯನ್ನು ಕರೆತರುವಂತೆ ಆಜ್ಞಾಪಿಸಿದನು. ಅಪಾಯದ ಸುಳಿವು ಹತ್ತಿದ ಹಿತೈಷಿಗಳು ಗವಾನನಿಗೆ ಹೋಗಬೇಡವೆಂದರು. ಗುಜರಾತಿಗೆ ಓಡಿಹೋಗಲು ಕುದುರೆಗಳು ಸಿದ್ಧವಿವೆಯೆಂದರು. ಕರೆದಾಗ ಬಂದು ಲೆಕ್ಕ ಒಪ್ಪಿಸಬೇಕೆಂಬ ನಿಯಮವನ್ನು ಇತರರಿಗೆ ಮಾಡಿದವನು ತಾನೇ ಅದನ್ನು ಮೀರುವುದೆಂತು? ಗವಾನನು ಹೋದನು.

ರಾಜದ್ರೋಹಿಗೆ ಯಾವ ಶಿಕ್ಷೆಯೆಂದು ಸುಲ್ತಾನನು ಕೇಳಲು, ಮರಣವೇ ಎಂದು ಗವಾನನು ನಿಸ್ಸಂಕೋಚವಾಗಿ ಉತ್ತರಿಸಿದನು. ಪತ್ರವನ್ನು ತೋರಿಸಿದಾಗ, ಮುದ್ರೆ ತನ್ನದೇ ಹೌದು, ಬರಹ ತನ್ನದಲ್ಲ ಎಂದು ನಡೆದುದನ್ನು ನಡೆದಂತೆ ಹೇಳಿದನು. ಮುದ್ರೆಯನ್ನು ಅಲ್ಲಗಳೆದು ಪಾರಾಗುವ ಯತ್ನವನ್ನೂ ಮಾಡಲಿಲ್ಲ. ಸುಲ್ತಾನನು ಮುಂದೆ ವಿಚಾರಿಸದೆ, ಜೌಹರನೆಂಬ ಗುಲಾಮನಿಗೆ ಅವನ ತಲೆ ಹೊಡೆಯಲು ಹೇಳಿ ಎದ್ದು ಹೋದನು. 1481ರ ಏಪ್ರಿಲ್ 5ರಂದು ಸುಮಾರು ಎಪ್ಪತ್ತು ವರ್ಷದ ಆ ವೃದ್ಧ ಮಂತ್ರಿಯ ತಲೆ ಕೊಂಡಪಲ್ಲಿಯ ಪಾಳೆಯದಲ್ಲಿ ಉರುಳಿತು. ಇಪ್ಪತ್ತೆಂಟು ವರ್ಷಗಳ ಸೇವೆಗೆ ದೊರೆತ ವಿಚಾರಣೆ ಅಷ್ಟೇ.

ಭಂಡಾರ ತೆರೆದಾಗ

ಸುಲ್ತಾನನ ಮನಸ್ಸಿನಲ್ಲಿ ಇನ್ನೊಂದು ಆಸೆಯಿತ್ತು. ಇಷ್ಟು ವರ್ಷ ರಾಜ್ಯವಾಳಿದ ಮಂತ್ರಿಯ ಮನೆಯಲ್ಲಿ ಅಪಾರವಾದ ಧನವಿರಬೇಕೆಂದು ಅವನು ನಂಬಿದ್ದನು. ಗವಾನನ ಭಂಡಾರಿಯನ್ನು ಕರೆಸಿ ಕೇಳಿದನು. ಭಂಡಾರಿಯು ಎರಡು ಭಂಡಾರಗಳ ಕ್ರಮವನ್ನು ವಿವರಿಸಿ, ಎರಡರ ಲೆಕ್ಕವನ್ನೂ ಮುಂದಿಟ್ಟನು. ಬಡವರ ಭಂಡಾರದಲ್ಲಿ ಉಳಿದಿದ್ದುದು 300 ಲಾರಿಗಳು ಮಾತ್ರ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪತ್ರದ ಮೋಸವೂ ಆಮೇಲೆ ಬಯಲಾಯಿತು. ಸುಲ್ತಾನನು ಪಶ್ಚಾತ್ತಾಪದಿಂದ ಬೆಂದನು. ಆದರೆ ಹೋದ ಪ್ರಾಣ ಬರುವಂತಿರಲಿಲ್ಲ. ಶವವನ್ನು ಬೀದರಿಗೆ ತಂದು ಸಮಾಧಿ ಮಾಡಲಾಯಿತು. ನಗರದ ಹೊರಗೆ ಗೋರನಳ್ಳಿಯ ಬಳಿ ಆ ಸಮಾಧಿಯಿದೆ. ಅರಸರ ಗೋರಿಗಳ ಮೇಲಿರುವಂಥ ಗುಮ್ಮಟ ಅದರ ಮೇಲಿಲ್ಲ.

ಕಲ್ಯಾಣದ ಕಥೆಯನ್ನು ಬಲ್ಲವರಿಗೆ ಇಲ್ಲಿ ಇನ್ನೊಂದು ಭಂಡಾರದ ನೆನಪಾಗದಿರದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಮನೆಯ ಹಣವನ್ನು ಜಂಗಮದಾಸೋಹಕ್ಕೆ ಬಳಸುತ್ತಿದ್ದಾರೆಂದು ಕೊಂಡೆಯರು ದೂರು ಹೇಳಿದ ಪ್ರಸಂಗವನ್ನು ಬಸವಪುರಾಣದ ಪರಂಪರೆ ಹೇಳುತ್ತದೆ. ಅಲ್ಲಿ ಬಿಜ್ಜಳನು ಲೆಕ್ಕವನ್ನು ತೆಗೆಸಿ ನೋಡಿದನು, ಹಣವು ಸರಿಯಾಗಿತ್ತು, ದೂರಿದವರು ತಲೆತಗ್ಗಿಸಿದರು. ಬೀದರಿನಲ್ಲಿಯೂ ಲೆಕ್ಕವು ಸರಿಯಾಗಿಯೇ ಇತ್ತು. ವ್ಯತ್ಯಾಸವೊಂದೇ: ಅಲ್ಲಿ ಮೊದಲು ಲೆಕ್ಕ, ಆಮೇಲೆ ತೀರ್ಪು, ಇಲ್ಲಿ ಮೊದಲು ತೀರ್ಪು, ಆಮೇಲೆ ಲೆಕ್ಕ.

ಈ ಒಂದು ವ್ಯತ್ಯಾಸಕ್ಕೆ ರಾಜ್ಯವು ತೆತ್ತ ಬೆಲೆ ಬಹಳ ದೊಡ್ಡದು. ಗವಾನನ ಕೊಲೆಯ ಸುದ್ದಿ ಕೇಳಿದ ತರಫದಾರರು ತಮ್ಮ ಸೈನ್ಯಗಳನ್ನು ಸುಲ್ತಾನನ ಪಾಳೆಯದಿಂದ ದೂರ ಕೊಂಡೊಯ್ದು ಬೇರೆಯೇ ಬೀಡುಬಿಟ್ಟರು. ಅಂಥವನಿಗೇ ಹೀಗಾದರೆ ತಮ್ಮ ಗತಿಯೇನೆಂಬ ಭಯ ಅವರದು. ಮರುವರ್ಷವೇ ಸುಲ್ತಾನನು ತೀರಿಕೊಂಡನು. ಸಂಚಿನ ಫಲವಾಗಿ ಅಧಿಕಾರಕ್ಕೇರಿದ ಮಲಿಕ ಹಸನನು 1486ರಲ್ಲಿ ತಾನೂ ಕೊಲೆಗೀಡಾದನು. ಮುಂದಿನ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯವು ಬಿಜಾಪುರ, ಅಹಮದನಗರ, ಬೇರಾರ, ಗೋಲ್ಕೊಂಡ ಮತ್ತು ಬೀದರಗಳೆಂದು ಐದು ತುಂಡಾಯಿತು. ತರಫಗಳನ್ನು ಒಡೆದು ರಾಜ್ಯವನ್ನು ಒಂದಾಗಿಸಲು ಹೊರಟವನನ್ನು ಕೊಂದಮೇಲೆ, ತರಫಗಳು ರಾಜ್ಯವನ್ನೇ ಒಡೆದವು.

ಸಂಸ್ಥೆಗಳಿಗೆ ಉಳಿದ ಪಾಠ

ಗವಾನನ ಜೀವನದಲ್ಲಿ ಶಾಲೆ, ಮಠ, ಸಂಘಗಳಂಥ ಸಂಸ್ಥೆಗಳನ್ನು ನಡೆಸುವವರು ಮನಗಾಣಬೇಕಾದುದು ಬಹಳವಿದೆ. ಕೆಲಸ ಮಾಡುವವನಿಗೆ ತಕ್ಕ ಸಂಬಳವನ್ನು ಮೊದಲು ಕೊಡಬೇಕು. ಅನಂತರ ಹಾಜರಿ ಪಟ್ಟಿಯನ್ನು ದಾಕ್ಷಿಣ್ಯವಿಲ್ಲದೆ ನೋಡಬೇಕು. ನಿಯಮವು ತನ್ನವರಿಗೂ ಪರರಿಗೂ ಒಂದೇ ಆಗಿರಬೇಕು. ದಾನಿಗಳು ಕೊಟ್ಟ ಹಣದ ಪೆಟ್ಟಿಗೆಯೂ ಸ್ವಂತದ ಪೆಟ್ಟಿಗೆಯೂ ಬೇರೆಬೇರೆಯಾಗಿರಬೇಕು. ಮೇಲಧಿಕಾರಿಯ ಕಾಠಿಣ್ಯವನ್ನು ಜನರು ಸಹಿಸುವುದು, ಅವನು ತನ್ನ ವಿಷಯದಲ್ಲಿ ಅದಕ್ಕಿಂತ ಕಠಿಣನಾಗಿದ್ದಾಗ ಮಾತ್ರ.

ಅವನ ಸೋಲಿನಲ್ಲಿಯೂ ಪಾಠವಿದೆ. ರಾಜ್ಯದ ಪ್ರತಿಯೊಬ್ಬ ಸೈನಿಕನನ್ನು ಎಣಿಸಿದವನು ತನ್ನ ಮುದ್ರೆಯನ್ನು ಒಬ್ಬ ಸೇವಕನ ಕೈಯಲ್ಲಿ ಬಿಟ್ಟಿದ್ದನು. ಆ ಸೇವಕನಿಂದ ಲೆಕ್ಕ ಕೇಳುವ ಏರ್ಪಾಡು ಇರಲಿಲ್ಲ. ಕಮಠಾಣದ ಕೆರೆಯಂಥ ದೊಡ್ಡ ಕೆರೆಗಳನ್ನು ಕಂಡವರು ಇದನ್ನು ಬಲ್ಲರು: ಏರಿಯು ಎಷ್ಟೇ ಬಲವಾಗಿದ್ದರೂ ಇಲಿಯ ಬಿಲದಷ್ಟು ತೂತಿನಿಂದ ನೀರೆಲ್ಲ ಹರಿದುಹೋಗಬಹುದು. ಖಾಲಿ ಕಾಗದದ ಮೇಲೆ ಬಿದ್ದ ರುಜು ಅಥವಾ ಮುದ್ರೆಯು ಇಂದಿಗೂ ಅಂಥ ತೂತೇ ಸರಿ. ಎಲ್ಲಕ್ಕಿಂತ ಮಿಗಿಲಾಗಿ, ಲೆಕ್ಕ ಕೇಳುವ ಕ್ರಮವು ಕೆಳಗಿನವರಿಗೆ ಮಾತ್ರ ಇದ್ದು ಮೇಲಿನವನಿಗೆ ಇಲ್ಲದಿದ್ದರೆ ಅದು ಅರ್ಧದ ಕ್ರಮ. ಗವಾನನು ಎಲ್ಲರನ್ನೂ ನಿಯಮಕ್ಕೆ ಒಳಪಡಿಸಿದನು. ಸುಲ್ತಾನನನ್ನು ಒಳಪಡಿಸುವ ನಿಯಮ ಅಂದು ಇರಲಿಲ್ಲ. ದೂರು ಬಂದಾಗ ದೂರಿದವನನ್ನೂ ವಿಚಾರಿಸಬೇಕು, ಆಪಾದಿತನ ಮಾತನ್ನೂ ಕೇಳಬೇಕು, ಕಡತವನ್ನು ತೆಗೆದು ನೋಡಿದ ಮೇಲೆಯೇ ತೀರ್ಪು ಕೊಡಬೇಕು ಎಂಬ ಕಟ್ಟಳೆಯು ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಾಗಬಾರದು.

ಐದೂವರೆ ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿದ ಮಿನಾರು ಬೀದರಿನಲ್ಲಿ ಇನ್ನೂ ನಿಂತಿದೆ. ಗವಾನನು ಗೆದ್ದ ಕೋಟೆಗಳು ಕೈಯಿಂದ ಕೈಗೆ ಹೋದವು; ಅವನು ಒಡೆದ ತರಫಗಳು ರಾಜ್ಯಗಳಾಗಿ ಅಳಿದುಹೋದವು. ಅವನು ಕಟ್ಟಿದ ಶಾಲೆಯ ಗೋಡೆಗಳೂ, ಅವನು ಬಿಟ್ಟುಹೋದ ಮುನ್ನೂರು ಲಾರಿಗಳ ಲೆಕ್ಕವೂ ಮಾತ್ರ ಜನರ ನೆನಪಿನಲ್ಲಿ ಉಳಿದಿವೆ.